ಹದಿನೈದು-ಹನ್ನೆರಡರ ಪಟ

ಹೊಳೆಹಕ್ಕಲಿನ ಹೂವಪ್ಪ ಸಾಗರದ ನನ್ನ ಸ್ಟುಡಿಯೋಗೆ ಬಂದದ್ದು ಅರವತ್ಮೂರನೇ ಇಸವಿಯ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಜೊತೆಗೆ ಅವನ ಊರಿನ ಇನ್ನಿಬ್ಬರಿದ್ದರು. ಮೂವರೂ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದು, ಗೋಡೆಗೆ ತೂಗುಹಾಕಿದ್ದ ಫೋಟೋಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೂವಪ್ಪ ಕೇಳಿದ, "ಅಯ್ಯಾ, ಒಂದು ಪಟದಲ್ಲಿ ಎಷ್ಟು ಜನ ಹಿಡಿಸ್ತಾರೆ?"

"ನಿಮಗೆ ಎಷ್ಟು ಜನ ಬೇಕು?"

"ನೂರಾ ಎಂಬತ್ನಾಕು. ನಮ್ಮೂರು ಇಡೀ."

ನಾನು ನಕ್ಕುಬಿಟ್ಟೆ. ಅವರು ಯಾರೂ ನಗಲಿಲ್ಲ. ಆಗ ನನಗೆ ಹೊಳೆಹಕ್ಕಲು ಎಲ್ಲಿದೆ ಎಂಬುದು ನೆನಪಾಯಿತು. ಶರಾವತಿಯ ದಂಡೆಯ ಊರು ಅದು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು, ಮುಳುಗಡೆಯ ಪಟ್ಟಿಯಲ್ಲಿ ಆ ಊರಿನ ಹೆಸರೂ ಇತ್ತು. ನಕ್ಕಿದ್ದಕ್ಕೆ ನಾಚಿಕೆಯಾಗಿ, ಕೂರಲು ಬೆಂಚು ಎಳೆದುಕೊಟ್ಟೆ.

ಹೂವಪ್ಪ ವಿಷಯ ಹೇಳಿದ. ಊರಲ್ಲಿ ಮೂವತ್ತೊಂದು ಮನೆ. ಮಳೆಗಾಲದೊಳಗೆ ಎಲ್ಲರೂ ಜಾಗ ಬಿಡಬೇಕು. ಕೆಲವರಿಗೆ ಹೊಸನಗರದ ಕಡೆ ಜಮೀನು ತೋರಿಸಿದ್ದಾರೆ, ಕೆಲವರಿಗೆ ಸೊರಬದ ಕಡೆ, ಇನ್ನು ಕೆಲವರಿಗೆ ಶಿವಮೊಗ್ಗದ ಆಚೆ. ಹೋಗುವ ಮೊದಲು ಎಲ್ಲರೂ ಒಟ್ಟಿಗೆ ನಿಂತು ಒಂದು ಪಟ ತೆಗೆಸಿಕೊಂಡು, ಮನೆಗೊಂದರಂತೆ ಒಯ್ಯಬೇಕು ಅಂತ ಊರವರು ಮಾತಾಡಿಕೊಂಡಿದ್ದರು.

ನಾನು ಒಂದು ಹೈಸ್ಕೂಲಿನ ಗ್ರೂಪ್ ಫೋಟೋವನ್ನು ಗೋಡೆಯಿಂದ ಇಳಿಸಿ ಅವನ ಕೈಗೆ ಕೊಟ್ಟೆ. ಅದರಲ್ಲಿ ಅರವತ್ತು ಮಕ್ಕಳಿದ್ದರು. ಅವನು ಬೆಳಕಿಗೆ ಹಿಡಿದು ನೋಡಿ, "ಮುಖ ಎಲ್ಲಾ ಸಾಸಿವೆ ಕಾಳಾಗಿದೆ" ಅಂದ.

"ಅದಕ್ಕೇ ಹೇಳೋದು. ಮೂರು ಗುಂಪು ಮಾಡಿ ಮೂರು ಪಟ ತೆಗೀತೀನಿ. ಬೇಕಾದರೆ ಅಂಟಿಸಿ ಒಂದು ಮಾಡಿಕೊಡ್ತೀನಿ."

ಅವನು ಫೋಟೋವನ್ನು ನನ್ನ ಕೈಗೆ ಹಿಂದಿರುಗಿಸಿ, "ಮೂರು ಕಡೆ ಆಗೋದು ಹೆಂಗೂ ಇದ್ದದ್ದೇ ಅಯ್ಯಾ. ಪಟದಲ್ಲಾದ್ರೂ ಒಂದೇ ಕಡೆ ಇರ್ತೀವಿ" ಅಂದ.

ಒಂದು ತಿಂಗಳು ಟೈಮು ಕೊಡು ಅಂದೆ.

ನನ್ನ ಹತ್ತಿರ ಇದ್ದದ್ದು ಒಂದು ಹಾಫ್ ಪ್ಲೇಟ್ ಕ್ಯಾಮೆರಾ. ಅದರ ನೆಗೆಟಿವ್ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರಿಂದ ಹಿಗ್ಗಿಸಿದರೆ ಮುಖಗಳು ನೆನೆದ ಹಿಟ್ಟಿನ ಹಾಗೆ ಹರಡುತ್ತಿದ್ದವು. ನೂರಾ ಎಂಬತ್ನಾಲ್ಕು ಜನರ ಮೂಗು ಕಣ್ಣು ಬಿಡಿಬಿಡಿಯಾಗಿ ಕಾಣಬೇಕಾದರೆ ನೆಗೆಟಿವ್ವೇ ದೊಡ್ಡದಿರಬೇಕು, ಪಟ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದು. ಅಂಥ ಕ್ಯಾಮೆರಾವನ್ನು ನಾನು ಹುಡುಗನಾಗಿದ್ದಾಗ ಒಮ್ಮೆ ಮಾತ್ರ ನೋಡಿದ್ದೆ. ತೀರ್ಥಹಳ್ಳಿಯ ಧರ್ಮಪ್ಪ ಎಂಬುವರು ನಮ್ಮ ಸೋದರತ್ತೆಯ ಮದುವೆಗೆ ಅದನ್ನು ತಂದಿದ್ದರು. ಸ್ಟ್ಯಾಂಡಿಗೆ ಏರಿಸಿದ ಪೆಟ್ಟಿಗೆ ನನ್ನ ಎದೆಯೆತ್ತರಕ್ಕಿತ್ತು. ಧರ್ಮಪ್ಪ ತೀರಿಕೊಂಡು ಎಂಟು ವರ್ಷ ಆಗಿತ್ತು. ಕ್ಯಾಮೆರಾ ಏನಾಯಿತೋ ಗೊತ್ತಿರಲಿಲ್ಲ. ಕೇಳಿ ನೋಡುವುದರಲ್ಲಿ ತಪ್ಪೇನು ಅಂತ ಬಸ್ಸು ಹತ್ತಿದೆ.

ತೀರ್ಥಹಳ್ಳಿಯಲ್ಲಿ ಧರ್ಮಪ್ಪನವರ ಹೆಂಡತಿ ಶಾಂತಮ್ಮ ಇದ್ದರು. ಎತ್ತರದ ಹೆಂಗಸು, ಅರವತ್ತರ ಮೇಲಾಗಿತ್ತು. ನಾನು ಬಂದ ಕಾರಣ ಹೇಳುತ್ತಿದ್ದಂತೆ ಎದ್ದು ಒಳಗೆ ಹೋಗಿ, ಬೀಗದ ಕೈ ತಂದರು. ಅಟ್ಟದ ಕೋಣೆಯಲ್ಲಿ, ಬಿಳೀ ಪಂಚೆ ಹೊದಿಸಿದ್ದ ಕ್ಯಾಮೆರಾ ಇತ್ತು. ತೇಗದ ಮೈ, ಹಿತ್ತಾಳೆಯ ಮೂಲೆಗಳು. ನಾನು ಲೆನ್ಸಿಗೂ ಪೆಟ್ಟಿಗೆಗೂ ನಡುವೆ ಬೆಳಕು ನುಸುಳದಂತೆ ಕಾಯುವ ಚರ್ಮದ ತಿದಿಯನ್ನು ಎಳೆದೆ. ಎಂಟು ಮಳೆಗಾಲ ಕಳೆದ ಚರ್ಮ ಸೆಟೆದು ಒಡೆದಿರಬೇಕಿತ್ತು. ಎಲ್ಲೂ ಒಂದು ತೂತಿರಲಿಲ್ಲ.

"ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಅಂಗಳಕ್ಕೆ ಇಳಿಸ್ತೀನಿ. ಎರಡು ದಿನ ನೆರಳಲ್ಲಿ ಗಾಳಿಗೆ ಇಟ್ಟು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕರ್ಪೂರ ಹಾಕಿ ಮತ್ತೆ ಎತ್ತಿಡೋದು" ಅಂದರು ಶಾಂತಮ್ಮ. "ಯಾರಿಗೆ ಅಂತ ಮಾಡ್ತೀಯ ಅಂತ ಮಕ್ಕಳು ನಗ್ತಾರೆ. ನನಗೂ ಗೊತ್ತಿರಲಿಲ್ಲ."

ಪೆಟ್ಟಿಗೆಯಲ್ಲಿ ಎರಡು ಲೆನ್ಸುಗಳಿದ್ದವು. ಒಂದು ಚಿಕ್ಕದು, ಹೊಳೆಯುವಂಥದು. ಇನ್ನೊಂದು ಸೇರಿನಷ್ಟು ದಪ್ಪ, ಭಾರ, ಬಣ್ಣ ಮಾಸಿದ್ದು. ನಾನು ಚಿಕ್ಕದನ್ನು ಕೈಗೆತ್ತಿಕೊಂಡೆ. ಹತ್ತಿರ ನಿಂತೇ ಹೆಚ್ಚು ಜನರನ್ನು ಹಿಡಿಸಬಹುದು ಎಂಬುದು ನನ್ನ ಲೆಕ್ಕ.

"ಅದು ಬೇಡ" ಅಂದರು ಶಾಂತಮ್ಮ. "ಅದು ಈ ಕ್ಯಾಮೆರಾಕ್ಕೆ ಸಾಲೋದಿಲ್ಲ. ಮೂಲೆ ಕಪ್ಪಾಗುತ್ತೆ. ಒಂದು ಮದುವೆಯಲ್ಲಿ ನಮ್ಮನೆಯವರು ಅವಸರಕ್ಕೆ ಅದನ್ನೇ ಹಾಕಿ, ಹುಡುಗಿಯ ಸೋದರಮಾವನ ತಲೆಯೇ ಹೋಗಿತ್ತು. ಆ ಮಾವ ನಮ್ಮನೇಲಿ ಆಮೇಲೆ ಒಂದು ಲೋಟ ನೀರೂ ಕುಡೀಲಿಲ್ಲ. ದೊಡ್ಡದು ತಗೊಳ್ಳಿ. ದೂರ ನಿಲ್ಲಬೇಕಾಗುತ್ತೆ, ಆದರೆ ತುದೀಲಿ ನಿಂತವನೂ ನಡುವೆ ಕೂತವನಷ್ಟೇ ಸ್ಪಷ್ಟ ಬರ್ತಾನೆ. ಬೆಳಕಿನ ಕಿಂಡಿ ಆದಷ್ಟು ಸಣ್ಣ ಮಾಡಿ."

ನಾನು ಬೆರಗಾಗಿ ಅವರ ಮುಖ ನೋಡಿದೆ. "ಇಪ್ಪತ್ತು ವರ್ಷ ಅವರ ಫೋಟೋದ ಗಾಜಿನ ಪ್ಲೇಟ್ ತೊಳೆದವಳು ನಾನೇ ಅಲ್ವಾ" ಅಂದರು.

ಬಾಡಿಗೆಯ ಮಾತೆತ್ತಿದಾಗ ಅವರು ಕೈ ಅಡ್ಡ ಮಾಡಿದರು. "ಒಂದು ಪ್ರಿಂಟ್ ತಂದು ತೋರಿಸಿ, ಸಾಕು. ಬಸ್ಸಿನ ಮೇಲೆ ಮಾತ್ರ ಹಾಕಬೇಡಿ."

ಬಸ್ಸಿನ ಮೇಲೆ ಹಾಕಲಿಲ್ಲ. ಹೊಸನಗರದವರೆಗೆ ಅದನ್ನು ಕಾಲ ಮೇಲೆ ಇಟ್ಟುಕೊಂಡು ಬಂದೆ, ತೊಡೆ ಮರಗಟ್ಟಿತು. ಅಲ್ಲಿ ಬಸ್ಸು ಬದಲಿಸಿದಾಗ ನಿಲ್ಲಲೂ ಜಾಗವಿರಲಿಲ್ಲ. ಹುಂಚದ ಬಸದಿಗೆ ಹೋಗಿಬಂದ ಒಬ್ಬ ಹಿರಿಯರು ಪೆಟ್ಟಿಗೆಯಲ್ಲಿ ಏನಿದೆ ಅಂತ ವಿಚಾರಿಸಿ, ತಾವು ಎದ್ದು ಸೀಟನ್ನು ಅದಕ್ಕೆ ಬಿಟ್ಟುಕೊಟ್ಟು, ಸಾಗರದವರೆಗೆ ಸರಳು ಹಿಡಿದು ನಿಂತೇ ಬಂದರು. ಅವರ ಹೆಸರನ್ನೂ ನಾನು ಕೇಳಲಿಲ್ಲ.

ಕ್ಯಾಮೆರಾ ಬಂತು, ಆದರೆ ಫೋಕಸ್ ನೋಡುವ ಮಸುಕು ಗಾಜು ಒಡೆದಿತ್ತು. ಅಷ್ಟು ದೊಡ್ಡ ಮಸುಕು ಗಾಜು ಸಾಗರದಲ್ಲಿ ಎಲ್ಲಿ ಸಿಗಬೇಕು? ನನ್ನ ಹೆಂಡತಿ ಅನ್ನಪೂರ್ಣೇಶ್ವರಿ, "ಕಿಟಕಿ ಗಾಜನ್ನೇ ಉಜ್ಜಿದರಾಯ್ತಲ್ಲ" ಅಂದಳು. ಮೋಟಾರ್ ರಿಪೇರಿ ಅಂಗಡಿಯಿಂದ ವಾಲ್ವ್ ಉಜ್ಜುವ ಪೇಸ್ಟ್ ತಂದೆವು. ಎರಡು ಗಾಜುಗಳ ನಡುವೆ ಅದನ್ನು ಹಾಕಿ, ಗಂಧ ತೇಯುವ ಹಾಗೆ ಅವಳು ಮೂರು ಮಧ್ಯಾಹ್ನ ಕೂತು ತೇಯ್ದಳು. ಅದರ ಮೇಲೆ ಮೊದಲ ಸಲ ಎದುರುಮನೆಯ ಹೆಂಚು ತಲೆಕೆಳಗಾಗಿ, ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದಾಗ ನಾವಿಬ್ಬರೂ ಒಂದೇ ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿದೆವು.

ಇನ್ನು ಉಳಿದದ್ದು ಫಿಲ್ಮು, ದೊಡ್ಡ ಸಂಕಟ ಅದೇ. ಹಿಂದಿನವರು ಬಳಸುತ್ತಿದ್ದ ಗಾಜಿನ ಪ್ಲೇಟುಗಳು ಆ ಅಳತೆಗೆ ಬರುವುದೇ ನಿಂತುಹೋಗಿತ್ತು. ಬೊಂಬಾಯಿಗೆ ಬರೆದೆ. ಹೋದ ವರ್ಷ ಯುದ್ಧವಾದ ಮೇಲೆ ಹೊರಗಿನ ಮಾಲು ಬರುವುದು ಕಡಿಮೆಯಾಗಿದೆ, ಹದಿನೈದು ಇಂಚು ಹನ್ನೆರಡು ಇಂಚಿನ ಫಿಲ್ಮ್ ಬೇಕಾದರೆ ಬೇರೆಯಾಗಿ ತರಿಸಬೇಕು, ಎಂಟು ತಿಂಗಳಾದರೂ ಬೇಕು ಅಂತ ಉತ್ತರ ಬಂತು. ಎಂಟು ತಿಂಗಳಿಗೆ ಹೊಳೆಹಕ್ಕಲಿನಲ್ಲಿ ಜನರಿರುವುದಿಲ್ಲ. ಪತ್ರವನ್ನು ಮಡಿಸಿಟ್ಟು, ಹೂವಪ್ಪ ಬಂದರೆ ಏನು ಹೇಳುವುದು ಅಂತ ಯೋಚಿಸುತ್ತ ಕೂತೆ.

ಅದೇ ಹೊತ್ತಿಗೆ ಅನ್ನಪೂರ್ಣೆಗೆ ಕೆಮ್ಮು ಹಿಡಿಯಿತು. ಮೂರು ವಾರವಾದರೂ ಬಿಡಲಿಲ್ಲ. ಅವಳ ಅಣ್ಣ ಕ್ಷಯದಲ್ಲಿ ಹೋಗಿದ್ದ. ನಾವಿಬ್ಬರೂ ಆ ಹೆಸರನ್ನು ಬಾಯಲ್ಲಿ ಹೇಳಲಿಲ್ಲ, ಆದರೆ ಇಬ್ಬರ ಮನಸ್ಸಿನಲ್ಲೂ ಅದೇ ಇತ್ತು. ಮಹಾಲಕ್ಷ್ಮೀ ಡಾಕ್ಟರಮ್ಮ ಪೇಟೆಯಲ್ಲಿ ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಅವರಲ್ಲಿ ಎಕ್ಸ್-ರೇ ಯಂತ್ರ ಇತ್ತು. ಎದೆಯ ಎಕ್ಸ್-ರೇ ತೆಗೆದು, ಮರುದಿನ ಬನ್ನಿ ಅಂದರು.

ಮರುದಿನ ಡಾಕ್ಟರಮ್ಮ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು, "ಏನೂ ಇಲ್ಲ. ಎದೆ ಸ್ವಚ್ಛವಾಗಿದೆ. ಔಷಧಿ ಕುಡಿದರೆ ವಾಸಿಯಾಗುತ್ತೆ" ಅಂದರು. ಅನ್ನಪೂರ್ಣೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆ ಹಾಳೆಯನ್ನು ಕೈಗೆ ತಗೊಂಡೆ. ತಗೊಂಡವನು ಹಾಗೇ ನಿಂತುಬಿಟ್ಟೆ.

"ಡಾಕ್ಟರಮ್ಮ, ಇದರ ಅಳತೆ ಎಷ್ಟು?"

"ಹದಿನೈದು ಹನ್ನೆರಡು. ಯಾಕೆ?"

ನಾನು ಕೂತು ಎಲ್ಲ ಹೇಳಿದೆ. ಅವರು ಕೇಳಿ ಮುಗಿದ ಮೇಲೆ ಬೀರು ತೆಗೆದು ಒಂದು ಡಬ್ಬ ಹೊರಗಿಟ್ಟರು. "ಇದರ ತಾರೀಖು ಮೀರಿದೆ. ಮಬ್ಬು ಬರುತ್ತೆ ಅಂತ ರೋಗಿಗಳಿಗೆ ನಾನು ಬಳಸೋದಿಲ್ಲ. ಹದಿನಾಲ್ಕು ಹಾಳೆ ಇರಬೇಕು. ನಿಮ್ಮ ಕೆಲಸಕ್ಕೆ ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಮಾತು, ಇದಕ್ಕೆ ಎರಡೂ ಕಡೆ ಮದ್ದು ಬಳಿದಿರ್ತಾರೆ. ಉಗುರು ತಾಗಿದರೂ ಗೀರು ಬೀಳುತ್ತೆ."

ಆ ಡಬ್ಬವನ್ನು ನಾನು ಎದೆಗವಚಿಕೊಂಡು ಮನೆಗೆ ತಂದೆ.

ಒಂದು ಹಾಳೆಯನ್ನು ಚೂರುಗಳಾಗಿ ಕತ್ತರಿಸಿ ಪರೀಕ್ಷೆಗೆ ಇಟ್ಟುಕೊಂಡೆ. ಆ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದೇ ಇಲ್ಲ. ಹಾಗಾಗಿ ಕೆಂಪು ದೀಪದಲ್ಲಿ ನೋಡಿಕೊಂಡೇ ತೊಳೆಯಬಹುದು, ಅದೊಂದು ಅನುಕೂಲ. ಆದರೆ ಅನ್ನಪೂರ್ಣೆಯನ್ನು ಬಿಸಿಲಲ್ಲಿ ಕೂರಿಸಿ ತೆಗೆದ ಮೊದಲ ಚೂರನ್ನು ಕಾಗದಕ್ಕೆ ಮುದ್ರಿಸಿದಾಗ ಅವಳ ಹಣೆಯ ಕುಂಕುಮ ಕರೀ ರಂಧ್ರದಂತೆ, ತುಟಿ ಮಸಿ ಬಳಿದಂತೆ ಬಂತು. ಮುಖ ಸುಟ್ಟ ಹೆಂಚಾಗಿತ್ತು. "ಇದು ನಾನಾ?" ಅಂದಳು. ಬೆಳ್ಳಗಿನ ಅವಳೇ ಹೀಗಾದರೆ, ಗದ್ದೆಯ ಬಿಸಿಲಲ್ಲಿ ದುಡಿದ ಆ ಜನ ಹೇಗೆ ಬರುತ್ತಾರೆ? ನೂರಾ ಎಂಬತ್ನಾಲ್ಕು ಕಪ್ಪು ಮೊಟ್ಟೆಗಳ ಪಟವನ್ನು ಯಾರ ಕೈಗೆ ಕೊಡಲಿ?

ಹೂವಪ್ಪ ಬಂದಾಗ ಆ ಪ್ರಿಂಟನ್ನು ತೋರಿಸಿ, ಎಲ್ಲರಿಗೂ ಪೌಡರ್ ಹಚ್ಚಿದರೆ ಹೇಗೆ ಅಂತ ಕೇಳಿದೆ.

ಅವನಿಗೆ ನಗು ಬಂತು. "ಬೇಡ ಅಯ್ಯಾ. ಪೌಡರ್ ಹಚ್ಚಿದ್ರೆ ನಮ್ಮ ಮಕ್ಕಳಿಗೇ ನಮ್ಮ ಗುರ್ತು ಸಿಗಲ್ಲ. ನಮ್ಮ ಬಣ್ಣ ನಮಗೆ ಗೊತ್ತಿದೆ. ಮೂಗು, ಕಣ್ಣು ಅವರವರದ್ದೇ ಬಂದ್ರೆ ಸಾಕು."

ಅವನು ಹೋದ ಮೇಲೆ ಹತ್ತು ದಿನ ಒಂದೊಂದೇ ಚೂರು ಹಾಕಿ ನೋಡಿದೆ. ಕೊನೆಗೆ ಹಾದಿ ಸಿಕ್ಕಿತು. ನೇರ ಬಿಸಿಲು ಬೇಡ, ಸೂರ್ಯ ಗುಡ್ಡದ ಹಿಂದಿದ್ದು ಆಕಾಶ ಮಾತ್ರ ಬೆಳಗಿರುವ ಮುಂಜಾನೆ ಬೇಕು. ಲೆನ್ಸಿನ ಮುಚ್ಚಳ ತೆಗೆದು ಮೂರು ಎಣಿಸುವವರೆಗೆ ಬೆಳಕು ಉಣ್ಣಿಸಬೇಕು. ತೊಳೆಯುವಾಗ ಡೆವಲಪರ್ ನೀರಾಗಿಸಿ, ಬೇಗ ತೆಗೆಯಬೇಕು. ಹಾಗೆ ಮಾಡಿದ ಚೂರಿನ ಪ್ರಿಂಟಿನಲ್ಲಿ ಅನ್ನಪೂರ್ಣೆಯ ಕೆನ್ನೆ, ಕಣ್ಣಂಚಿನ ಗೆರೆ, ಕಿವಿಯ ಓಲೆ ಎಲ್ಲ ಹಿತವಾಗಿ ಬಂದವು. ಕುಂಕುಮ ಮಾತ್ರ ಕಪ್ಪಾಗೇ ಉಳಿಯಿತು. "ಇರಲಿ ಬಿಡಿ, ಕಪ್ಪಾದರೂ ಕುಂಕುಮವೇ" ಅಂದಳು. ಪ್ಲೇಟಿನ ಜಾಗದಲ್ಲಿ ತೆಳು ಫಿಲ್ಮು ಬಾಗದಂತೆ ಹಿಂದೆ ಕಪ್ಪು ಬಳಿದ ತಗಡು ಕೂರಿಸಿದೆ.

ಮಾರ್ಚಿ ತಿಂಗಳ ಮೊದಲ ವಾರ ನಾವಿಬ್ಬರೂ ಹೊಳೆಹಕ್ಕಲಿಗೆ ಹೋದೆವು. ಬಸ್ಸು ಇಳಿದ ಕಡೆಗೆ ಹೂವಪ್ಪ ನಾಲ್ಕು ಜನರನ್ನು ಕರೆದುಕೊಂಡು ಬಂದಿದ್ದ. ಕ್ಯಾಮೆರಾವನ್ನು ಹೊತ್ತವರು ಹೊಳೆಯ ಹಾದಿಯಲ್ಲಿ ಒಮ್ಮೆಯೂ ಅದನ್ನು ನೆಲಕ್ಕೆ ತಾಗಿಸಲಿಲ್ಲ.

ಕುಯ್ಲಾದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡದ ಬುಡಕ್ಕೆ ಏರಿದ್ದವು. ಜನ ನಿಲ್ಲಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಟ್ಟಿಸಿದ್ದರೂ ಸಿಗುತ್ತಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಎಲ್ಲರೂ ಬಂದರು. ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಮನೆಮನೆಯವರು ಒಟ್ಟಾಗಿ ನಿಂತರು. ಕರಿಬಟ್ಟೆಯೊಳಗೆ ಭೂತಗನ್ನಡಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದೆ. ಎಲ್ಲ ಮುಖವೂ ಸ್ಪಷ್ಟವಾಗಿತ್ತು. ಹೂವಪ್ಪ ಎಣಿಸಿ, "ಒಂದು ಕಮ್ಮಿ" ಅಂದ.

ಅವನ ತಾಯಿ ಕನ್ನಮ್ಮ ಬಂದಿರಲಿಲ್ಲ. ಎಪ್ಪತ್ತೈದು ದಾಟಿದ ಮುದುಕಿ, ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಅವಳ ತಲೆ ಒಂದೇ ಸಮನೆ ಅಲುಗುತ್ತಿತ್ತು, ವಯಸ್ಸಿನ ನಡುಕ. ನಾನೇ ಹತ್ತಿರ ಹೋಗಿ ಕರೆದೆ.

"ನಾ ಬರಲ್ಲ ಮಗಾ. ಅಲುಗಿದ್ರೆ ಪಟ ಕೆಡ್ತದೆ ಅಂತ ನೀನೇ ಹೇಳ್ದ್ಯಂತೆ. ನನ್ನ ತಲೆ ನನ್ನ ಮಾತು ಕೇಳಲ್ಲ. ಇಷ್ಟು ಜನದ್ದು ನಾ ಯಾಕೆ ಕೆಡಿಸ್ಲಿ?"

ಮೂರು ಎಣಿಸುವಷ್ಟು ಹೊತ್ತು ಬೇಕೇಬೇಕು. ಕಡಿಮೆ ಮಾಡಿದರೆ ಮುಖಗಳು ಕಪ್ಪಾಗುತ್ತವೆ. ಅಷ್ಟರಲ್ಲಿ ಅನ್ನಪೂರ್ಣೆ ಹೂವಪ್ಪನನ್ನು ಕರೆದು, "ನೀವು ಮೇಲಿನ ಗದ್ದೆಯ ಅಂಚಲ್ಲಿ ಕೂತ್ಕೊಳ್ಳಿ. ಅಮ್ಮನನ್ನು ನಿಮ್ಮ ಕಾಲಿನ ಹತ್ತಿರ ಕೂರಿಸಿ. ತಲೆಯನ್ನು ಮೊಣಕಾಲಿಗೆ ಒರಗಿಸಿ, ಕೈಯಿಂದ ಹಿಡ್ಕೊಳ್ಳಿ" ಅಂದಳು.

ಹೂವಪ್ಪ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನಡುವೆ ಕೂರಿಸಿದ. ಅವಳ ತಲೆಯನ್ನು ತನ್ನ ಮೊಣಕಾಲಿಗೆ ಒರಗಿಸಿ, ಕೆನ್ನೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ಹಿಡಿದ. ನಡುಕ ನಿಂತಿತು. ಅದನ್ನು ನೋಡಿ ಅಕ್ಕಪಕ್ಕದವರೂ ತಮ್ಮ ಮಕ್ಕಳ ತಲೆ ಮೇಲೆ ಕೈ ಇಟ್ಟರು. ಸಾಲಿನಿಂದ ಸಾಲಿಗೆ ಅದು ಹರಡಿ, ದೊಡ್ಡವರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಂತರು. ನಾನು ಯಾರಿಗೂ ಹೇಳಿರಲಿಲ್ಲ.

ಮೊದಲ ಹಾಳೆಯ ಹೊತ್ತಿಗೆ ಒಂದು ಮಗು ಅತ್ತಿತು. ಎರಡನೆಯದಕ್ಕೆ ನಾಯಿಯೊಂದು ಅಡ್ಡ ಓಡಿತು, ಎಲ್ಲರೂ ನಕ್ಕರು. ಮೂರನೆಯದಕ್ಕೆ ನಾನು ಮುಚ್ಚಳ ತೆಗೆದು ಒಂದು, ಎರಡು, ಮೂರು ಎಣಿಸಿ ಹಾಕುವವರೆಗೆ ಹೊಳೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ನಾಲ್ಕನೆಯದನ್ನೂ ಹಾಗೇ ತೆಗೆದೆ. ಅಷ್ಟರಲ್ಲಿ ಬಿಸಿಲು ಗುಡ್ಡ ಇಳಿಯಿತು.

ಸಾಗರಕ್ಕೆ ಬಂದ ಮರುದಿನ ಡಾರ್ಕ್ ರೂಮಿನಲ್ಲಿ ತೊಳೆಯಲು ಕೂತೆವು. ಅನ್ನಪೂರ್ಣೆ ಬಳೆ, ಉಂಗುರ ಎಲ್ಲ ಬಿಚ್ಚಿಟ್ಟಿದ್ದಳು. ಹಾಳೆಗೆ ಗೀರು ಬೀಳದಿರಲಿ ಅಂತ ಟ್ರೇಯ ತಳಕ್ಕೆ ನಯವಾದ ಗಾಜು ಹಾಸಿದ್ದೆ. ಆದರೂ ಮೂರನೆಯ ಹಾಳೆ ನನ್ನ ಬೆರಳಿಂದ ಜಾರಿ ಟ್ರೇಯ ಅಂಚಿಗೆ ತಾಗಿ, ನಡುವೆಯೇ ಉದ್ದ ಗೀರು ಬಿತ್ತು. "ಇದನ್ನು ನನಗೆ ಬಿಡಿ" ಅಂತ ನಾಲ್ಕನೆಯದನ್ನು ಅವಳೇ ತೊಳೆದಳು. ಕೆಂಪು ಬೆಳಕಿನಲ್ಲಿ ಬಿಳಿ ಹಾಳೆಯ ಮೇಲೆ ಮೊದಲು ಆಕಾಶ ಕಪ್ಪಾಯಿತು, ಆಮೇಲೆ ಬಿಳಿ ಪಂಚೆಗಳು, ಆಮೇಲೆ ಮುಖಗಳು. ಎಲ್ಲಿಯೂ ಒಂದು ಕಲೆಯಿರಲಿಲ್ಲ. ನಾನು ಆ ಕತ್ತಲೆಯಲ್ಲೇ ಕೈಮುಗಿದೆ. ಯಾರಿಗೆ ಅಂತ ಯೋಚಿಸಲಿಲ್ಲ, ಕೈಮುಗಿಯಬೇಕಾದವರು ಬಹಳ ಜನರಿದ್ದರು.

ನೆಗೆಟಿವ್ವನ್ನು ಕಾಗದದ ಮೇಲೆ ನೇರ ಒತ್ತಿ ಮುದ್ರಿಸಿದೆವು. ಮೊದಲನೆಯದನ್ನು ಡಾಕ್ಟರಮ್ಮನಿಗೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಮುಖ ನೋಡಿ, "ಇವರಲ್ಲಿ ಎಷ್ಟೋ ಮಕ್ಕಳ ಹೆರಿಗೆ ಮಾಡಿಸಿದವಳು ನಾನೇ. ನನ್ನ ಹಾಳೆಯ ಮೇಲೆ ಇಷ್ಟು ಆರೋಗ್ಯವಂತರನ್ನ ನಾನು ಯಾವತ್ತೂ ಒಟ್ಟಿಗೆ ನೋಡಿರಲಿಲ್ಲ" ಅಂದರು. ಎರಡನೆಯದು ತೀರ್ಥಹಳ್ಳಿಗೆ ಹೋಯಿತು. ಶಾಂತಮ್ಮ ಅದನ್ನು ಮೊದಲು ಗಂಡನ ಫೋಟೋದ ಮುಂದೆ ಹಿಡಿದು ತೋರಿಸಿ, ಆಮೇಲೆ ತಾವು ನೋಡಿದರು. ಕ್ಯಾಮೆರಾವನ್ನು ಹಿಂದಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಅಟ್ಟದಲ್ಲಿ ಅದಕ್ಕೆ ಏನು ಕೆಲಸ? ನಿಮ್ಮ ಹತ್ತಿರ ಇರಲಿ" ಅಂದರು. ಆ ವರ್ಷ ಇನ್ನೂ ಎರಡು ಮುಳುಗಡೆಯ ಊರುಗಳಿಗೆ ಅದೇ ಕ್ಯಾಮೆರಾ ಹೋಯಿತು. ಡಾಕ್ಟರಮ್ಮನ ಡಬ್ಬದಲ್ಲಿ ಉಳಿದ ಹಾಳೆಗಳು ಅಲ್ಲಿಗೆ ಸರಿಹೋದವು.

ಮೂವತ್ತೊಂದು ಮನೆಗೂ ಒಂದೊಂದು ಪಟ ಕೊಟ್ಟೆವು. ಏಪ್ರಿಲ್ ಕೊನೆಗೆ ಅವರು ಗಾಡಿ ಕಟ್ಟಿದರು. ಮರುವರ್ಷ ನೀರು ಬಂತು.

ಅರವತ್ತೈದರ ಜನವರಿಯಲ್ಲಿ ಹೂವಪ್ಪನಿಂದ ಕಾರ್ಡು ಬಂತು. ಹೊಸನಗರದ ಹತ್ತಿರ ಅವರಿಗೆ ಕೊಟ್ಟ ಜಮೀನಿನಲ್ಲಿ ಮೊದಲ ಬೆಳೆ ಬಂದಿದೆ, ಅನ್ನಪೂರ್ಣಕ್ಕನನ್ನೂ ಕರೆದುಕೊಂಡು ಬರಬೇಕು ಅಂತ ಯಾರಿಂದಲೋ ಬರೆಸಿದ್ದ. ನಾವು ಹೋದೆವು. ಹೊಸ ಮನೆ, ಸುತ್ತ ಇನ್ನೂ ಮರದ ಬೊಡ್ಡೆಗಳು. ಜಗುಲಿಯ ಗೋಡೆಯಲ್ಲಿ ಪಟ ಇತ್ತು. ಕನ್ನಮ್ಮ ಹಿಂದಿನ ದೀಪಾವಳಿಗೆ ತೀರಿಕೊಂಡಿದ್ದಳು.

"ಅವ್ವ ದಿನಾ ಅದ್ರ ಕೆಳಗೇ ಕೂರ್ತಿತ್ತು" ಅಂದ ಹೂವಪ್ಪ. "ಕಣ್ಣು ಮಂಜಾಗಿತ್ತು, ಆದ್ರೂ ಯಾರು ಎಲ್ಲಿ ನಿಂತವ್ರೆ ಅಂತ ಬಾಯಲ್ಲೇ ಹೇಳ್ತಿತ್ತು. ಸೊರಬಕ್ಕೆ ಹೋದೋರು ಅವ್ವನ ಕಾರ್ಯಕ್ಕೆ ಬಂದಾಗ, ಎಲ್ರೂ ಮೊದ್ಲು ತಾವು ನಿಂತಿದ್ದ ಜಾಗ ನೋಡ್ಕಂಡ್ರು."

ಅವನ ಹೆಂಡತಿ ದುರ್ಗಮ್ಮ ಎಲೆ ಹಾಕಿ ಕರೆದಳು. ಹೊಸ ಅಕ್ಕಿಯ ಅನ್ನ, ಹುರುಳಿ ಸಾರು. ಹೂವಪ್ಪ ತಾನೇ ಅನ್ನ ಬಡಿಸಲು ನಿಂತ. ಅನ್ನಪೂರ್ಣೆ ಸಾಕು ಸಾಕು ಎಂದು ಕೈ ಅಡ್ಡ ಮಾಡಿದರೂ ಅವನು ಕೇಳಲಿಲ್ಲ.

"ಇನ್ನೂ ಯಾರ ಬಾಯಿಗೂ ಇದನ್ನ ಹಾಕಿಲ್ಲ ಅಕ್ಕಾ" ಅಂದ. "ನೀವಿಬ್ರೂ ಉಂಡ ಮೇಲೆ ನಾವು ಉಣ್ತೀವಿ."

ಅನ್ನದಿಂದ ಹೊಸ ಅಕ್ಕಿಯ ಆವಿ ಏಳುತ್ತಿತ್ತು. ನಾವಿಬ್ಬರೂ ತಲೆ ತಗ್ಗಿಸಿ, ಎಲೆಯಲ್ಲಿ ಒಂದಗುಳೂ ಬಿಡದೆ ಉಂಡೆವು.